ಐಸಿಯು ರೋಗಿಯ ಮೂತ್ರಪಿಂಡ ಅತಿಯಾಗಿ ಕೆಲಸ ಮಾಡುತ್ತಿದ್ದರೆ ಔಷಧದ ಪ್ರಮಾಣ ಹೆಚ್ಚಿಸಬೇಕೆ?

ಐಸಿಯು ವೈದ್ಯೆ:
ಅಪಘಾತದಲ್ಲಿ ತಲೆಗೆ ಪೆಟ್ಟಾದ ಯುವಕನ ಕ್ರಿಯಾಟಿನಿನ್ (ಮೂತ್ರಪಿಂಡ ರಕ್ತದಿಂದ ಹೊರಹಾಕುವ ತ್ಯಾಜ್ಯ) 0.6 ಎಂದು ವರದಿ ಬಂದರೆ ನಾವು ಸಮಾಧಾನದಿಂದ ಮುಂದಿನ ಹಾಸಿಗೆಗೆ ಹೋಗುತ್ತೇವೆ. ಆದರೆ ಗಾಯ ಮತ್ತು ಸೋಂಕಿನಿಂದ ಹೃದಯ ಹೆಚ್ಚು ರಕ್ತ ಪಂಪ್ ಮಾಡುತ್ತಿರುವಾಗ, ನಾವು ಕೊಡುವ ಡ್ರಿಪ್ ಮತ್ತು ರಕ್ತದೊತ್ತಡದ ಔಷಧಗಳೂ ಸೇರಿಕೊಂಡು, ಕ್ರಿಯಾಟಿನಿನ್ ಕ್ಲಿಯರೆನ್ಸ್, ಅಂದರೆ ಮೂತ್ರಪಿಂಡ ರಕ್ತವನ್ನು ಶುದ್ಧಗೊಳಿಸುವ ವೇಗ, ನಿಮಿಷಕ್ಕೆ 130 ಮಿಲಿಲೀಟರ್ ದಾಟಬಹುದು. ಆಗ ಮೆರೊಪೆನೆಮ್, ವ್ಯಾಂಕೊಮೈಸಿನ್‌ನಂಥ ಆಂಟಿಬಯೋಟಿಕ್‌ಗಳು, ಫಿಟ್ಸ್ ತಡೆಯುವ ಲೆವೆಟಿರಾಸೆಟಮ್ ಎಲ್ಲವೂ ಬೇಗನೆ ಮೂತ್ರದಲ್ಲಿ ಹೊರಹೋಗುತ್ತವೆ. 50 ವರ್ಷದೊಳಗಿನ ಗಾಯಾಳುಗಳಿಗೆ ಮೊದಲ ದಿನದಿಂದಲೇ ಹೆಚ್ಚಿನ ಪ್ರಮಾಣ ಕೊಡಬೇಕೆಂಬುದು ನನ್ನ ವಾದ.

ಮೂತ್ರಪಿಂಡ ತಜ್ಞ:
ಅಪಾಯವನ್ನು ನೀವು ಸರಿಯಾಗಿಯೇ ಗುರುತಿಸಿದ್ದೀರಿ, ಮೇಡಂ. ಆದರೆ ಅಳೆಯದೆ ಹೆಚ್ಚಿಸುವುದನ್ನು ನಾನು ಒಪ್ಪಲಾರೆ. ವಯಸ್ಸು, ತೂಕ ಹಾಕಿ ಲೆಕ್ಕ ಹಿಡಿಯುವ ಸೂತ್ರಗಳು ಇಂಥ ರೋಗಿಗಳಲ್ಲಿ ಅನೇಕ ಸಲ ಕಡಿಮೆಯನ್ನೇ ತೋರಿಸುತ್ತವೆ, ಆದ್ದರಿಂದ ಮೂತ್ರವನ್ನೇ ಸಂಗ್ರಹಿಸಿ ನೋಡಬೇಕು. ಉದಾಹರಣೆಗೆ, 8 ಗಂಟೆಯಲ್ಲಿ 1440 ಮಿಲಿಲೀಟರ್ ಮೂತ್ರ ಬಂದರೆ ನಿಮಿಷಕ್ಕೆ 3 ಮಿಲಿಲೀಟರ್ ಆಯಿತು. ಮೂತ್ರದ ಕ್ರಿಯಾಟಿನಿನ್ 40, ರಕ್ತದ್ದು 0.6 ಇದ್ದರೆ, 40ನ್ನು 3ರಿಂದ ಗುಣಿಸಿ 0.6ರಿಂದ ಭಾಗಿಸಿದಾಗ ಕ್ಲಿಯರೆನ್ಸ್ ನಿಮಿಷಕ್ಕೆ 200 ಮಿಲಿಲೀಟರ್ ಎಂದು ಬರುತ್ತದೆ. ಇದೇ ರೋಗಿಗೆ ನಾಳೆ ರಕ್ತದೊತ್ತಡ ಕುಸಿದು ಮೂತ್ರಪಿಂಡ ಕೈಕೊಟ್ಟರೆ, ನೀವು ಹೆಚ್ಚಿಸಿದ ಪ್ರಮಾಣವೇ ವಿಷವಾಗುತ್ತದೆ.

ಶುಶ್ರೂಷಕಿ:
ಸರ್, ಲೆಕ್ಕ ಸುಲಭ, ಸಂಗ್ರಹವೇ ಕಷ್ಟ. ಬೆಳಿಗ್ಗೆ 6ಕ್ಕೆ ಯೂರಿನ್ ಬ್ಯಾಗ್ ಖಾಲಿ ಮಾಡಿ ಸಮಯ ಬರೆದಿಟ್ಟರೂ, ಸ್ಕ್ಯಾನಿಂಗ್‌ಗೆ ಕರೆದೊಯ್ಯುವಾಗ ಯಾರೋ ಬ್ಯಾಗ್ ಚೆಲ್ಲಿಬಿಟ್ಟರೆ ಇಡೀ ಸಂಗ್ರಹ ವ್ಯರ್ಥ. ಬ್ಯಾಗಿನ ಮೇಲೆಯೇ ‘ಚೆಲ್ಲಬೇಡಿ’ ಎಂದು ಚೀಟಿ ಅಂಟಿಸಿ, ಶಿಫ್ಟ್ ಬದಲಾಗುವಾಗ ಬಾಯಿಮಾತಿನಲ್ಲೂ ತಿಳಿಸಬೇಕು.

ಔಷಧಶಾಸ್ತ್ರದ ವಿದ್ಯಾರ್ಥಿ:
2024ರಲ್ಲಿ ಪ್ರಕಟವಾದ ಬ್ಲಿಂಗ್-3 ಅಧ್ಯಯನದಲ್ಲಿ, ಸೆಪ್ಸಿಸ್ (ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆಯಿಂದ ಅಂಗಗಳೇ ಕೆಡುವ ಸ್ಥಿತಿ) ಆದ ಸುಮಾರು 7,000 ರೋಗಿಗಳಲ್ಲಿ, ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್ ಎಂಬ ಆಂಟಿಬಯೋಟಿಕ್ ಅಥವಾ ಮೆರೊಪೆನೆಮ್ಅನ್ನು ಸತತ ಡ್ರಿಪ್ಪಿನಲ್ಲಿ ಕೊಟ್ಟಾಗ 90 ದಿನಗಳ ಸಾವಿನ ಪ್ರಮಾಣ ಶೇ. 24.9, ಬಿಟ್ಟು ಬಿಟ್ಟು ಕೊಟ್ಟಾಗ ಶೇ. 26.8 ಇತ್ತು; ಈ ವ್ಯತ್ಯಾಸ ಸಂಖ್ಯಾಶಾಸ್ತ್ರದ ಪ್ರಕಾರ ಖಚಿತವಲ್ಲ. ಹಾಗಿದ್ದ ಮೇಲೆ ಇಷ್ಟು ಶ್ರಮ ಏಕೆ?

ಐಸಿಯು ವೈದ್ಯೆ:
ಆ ಅಧ್ಯಯನ ಮೂತ್ರಪಿಂಡ ಅತಿಯಾಗಿ ಕೆಲಸ ಮಾಡುವವರನ್ನೇ ಆರಿಸಿಕೊಂಡಿರಲಿಲ್ಲ, ಒಟ್ಟು ಪ್ರಮಾಣ ಹೆಚ್ಚಿಸುವುದೂ ಅದರ ಪ್ರಶ್ನೆಯಾಗಿರಲಿಲ್ಲ. ಆದ್ದರಿಂದ ಅದು ನನ್ನ ವಾದವನ್ನು ಕೆಡಿಸುವುದೂ ಇಲ್ಲ, ಸಾಧಿಸುವುದೂ ಇಲ್ಲ. ತಜ್ಞರ ಮಾತಿಗೆ ಮಾತ್ರ ಒಂದು ಷರತ್ತು: ಸೆಪ್ಸಿಸ್‌ನಲ್ಲಿ ಮೊದಲ ಡೋಸ್ 8 ಗಂಟೆಯ ಸಂಗ್ರಹಕ್ಕಾಗಿ ಕಾಯಬಾರದು. ಮೊದಲು ಪೂರ್ಣ ಪ್ರಮಾಣ ಕೊಟ್ಟು, ಅಳತೆ ಬಂದ ಮೇಲೆ ತಿದ್ದೋಣ, ಮೂತ್ರದ ಅಳತೆಯನ್ನು ಮರುದಿನವೂ ಮಾಡೋಣ.