ಹೆತ್ತೂರು ಮನೆ ಗುಂಪು: ತುಕ್ಕು ಹಿಡಿದ ಪ್ರೆಸ್

ಮಧು: (ಫಾರ್ವರ್ಡ್) "ಬಂದೂಕಿನ ತೋಟಾ ತುಂಬುವ ಹಳೇ ಪ್ರೆಸ್ ಬಿಸಾಡಬೇಡಿ! ರಾತ್ರಿಯಿಡೀ ವಿನಿಗರ್‌ನಲ್ಲಿ ಮುಳುಗಿಸಿ, ಬೆಳಗ್ಗೆ ಎಮರಿ ಕಾಗದದಲ್ಲಿ ಉಜ್ಜಿ. ಹೊಸದಾಗುತ್ತೆ!!" ಕಿರಣ, ನೀನು ಟೆಕ್ಸಾಸ್‌ನಲ್ಲಿ ತಗೊಂಡ್ಯಲ್ಲ, ನಿನಗೇ ಇದು.

ರವಿ: ಯಾರು ಹೇಳಿದ್ದು?

ಮಧು: ವಿಡಿಯೋನೇ ಇದೆ, ನೋಡು.

ರವಿ: ನೋಡಿದೆ. ರ‍್ಯಾಮಿಗೆ ಎಮರಿ ಮುಟ್ಟಿಸಲೇಬಾರದು. ಹಿಡಿ ಒತ್ತಿದ್ರೆ ಮೇಲೆ-ಕೆಳಗೆ ಹೋಗೋ ಕಂಬ ಅದು, ಬೋರಿನೊಳಗೆ, ಅಂದ್ರೆ ಪ್ರೆಸ್‌ನ ಉದ್ದ ತೂತಿನೊಳಗೆ, ಕೂದಲೆಳೆ ಸಂದಿನಲ್ಲಿ ಓಡಾಡುತ್ತೆ. ಸವೆದ್ರೆ ಅಲ್ಲಾಡುತ್ತೆ, ಗುಂಡು ಕೇಸಿನಲ್ಲಿ (ತೋಟಾದ ಕವಚ) ನೇರ ಕೂರಲ್ಲ. ವಿನಿಗರ್‌ನಲ್ಲಿ ನೆನೆದ್ರೆ ನಯ ಮಾಡಿದ ಮೈಯನ್ನೂ ಆಸಿಡ್ ತಿನ್ನುತ್ತೆ.

ದೊಡ್ಡಪ್ಪ: ಮದ್ದುಗುಂಡಿನ ಸಹವಾಸ ಬೇಡ ಕಣ್ರಪ್ಪ. ಮಕ್ಕಳಿರೋ ಗುಂಪು ಇದು.

ಕಿರಣ: ದೊಡ್ಡಪ್ಪ, ಇಲ್ಲಿ ಸ್ವಂತ ಬಳಕೆಗೆ ತುಂಬ್ಕೊಳ್ಳೋಕೆ ಫೆಡರಲ್ ಲೈಸೆನ್ಸ್ ಬೇಡ.

ದೊಡ್ಡಪ್ಪ: ಅಲ್ಲಿ ಬೇಡ. ಇಲ್ಲಿ 1959ರ ಆಯುಧ ಕಾಯ್ದೆ 5ನೇ ಕಲಂ ಇದೆ, ಲೈಸೆನ್ಸಿಲ್ಲದೆ ಮದ್ದುಗುಂಡು ತಯಾರಿಸೋ ಹಾಗಿಲ್ಲ. ಮಧು, ಊರಿನ ಹುಡುಗರಿಗೆ ಕಳಿಸ್ಬೇಡ.

ಸುಮ: ಅಜ್ಜನ ಕಾಫಿ ಪಲ್ಪರ್ (ಹಣ್ಣಿನ ಸಿಪ್ಪೆ ಸುಲಿಯೋ ಯಂತ್ರ) ನೆನಪಾಯ್ತು 😍 ಅದನ್ನ ಯಾರು ತಗೊಂಡು ಹೋದ್ರು?

ಮಧು: ನಾನು ಏನು ಕಳಿಸಿದ್ರೂ ರವಿಗೆ ತಪ್ಪೇ.

ರವಿ: ಪಂಪ್‌ಸೆಟ್ ಬೇರಿಂಗಿಗೆ ಕೊಬ್ಬರಿ ಎಣ್ಣೆ ಅಂತ ಕಳಿಸಿದ್ದು ಯಾರು? ಚಿಕ್ಕಪ್ಪ ನಂಬಿ ಹಾಕಿದ್ರು.

ಮಧು: ಅದನ್ನ ಇನ್ನೂ ಬಿಡಲ್ವಾ ನೀನು!

ರವಿ: ಕಿರಣ, ಮೊದಲು ಗ್ಲೌಸ್ ಹಾಕ್ಕೋ. ರ‍್ಯಾಮಿನ ಸುತ್ತ ಕಟ್ಟಿರೋ ಬೂದು ಪುಡಿ ಹಳೇ ಪ್ರೈಮರಿಂದು (ಮದ್ದಿಗೆ ಕಿಡಿ ಹೊತ್ತಿಸೋ ಟೋಪಿ), ಅದ್ರಲ್ಲಿ ಸೀಸ ಇರುತ್ತೆ. ಗಾಳಿ ಹೊಡೀಬೇಡ, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸು. ರ‍್ಯಾಮನ್ನ ತೇಯೋದೇ ಆ ಪುಡಿ. ಬಿಚ್ಚೋ ಮುಂಚೆ ಹಿಡಿಯನ್ನ ರ‍್ಯಾಮಿಗೆ ಜೋಡಿಸೋ ಲಿಂಕುಗಳಿಗೆ ಎಡ-ಬಲ ಗುರುತು ಹಾಕು. ತುಕ್ಕಿಗೆ ಪೆನಿಟ್ರೇಟಿಂಗ್ ಆಯಿಲ್ ಹಚ್ಚಿ ಒಂದು ದಿನ ಬಿಟ್ಟು, 0000 ನಂಬರಿನ ಸ್ಟೀಲ್ ವುಲ್‌ನಲ್ಲಿ ಹಗುರವಾಗಿ ಉಜ್ಜು. ಡೈ (ತೋಟಾಗೆ ಆಕಾರ ಕೊಡೋ ಅಚ್ಚು) ಕೂರೋ ಥ್ರೆಡ್ಡಿಗೆ ಹಿತ್ತಾಳೆ ಬ್ರಷ್ ಸಾಕು. ಅದು ಸಾಮಾನ್ಯವಾಗಿ 7/8 ಇಂಚಿಂದು, ಇಂಚಿಗೆ 14 ಥ್ರೆಡ್. ಲಿಂಕು ಹಿಡಿದಿರೋ ಪಿನ್ನಿನ ಮೇಲೆ ಉಗುರು ಎಳಿ, ಸವೆದು ಮೆಟ್ಟಿಲಾಗಿ ಸಿಕ್ಕಿದ್ರೆ ಬದಲಾಯಿಸು. ರ‍್ಯಾಮಿಗೆ ತೆಳು ಮೆಷಿನ್ ಆಯಿಲ್, ಪಿನ್ನಿಗೆ ಗ್ರೀಸ್. ರ‍್ಯಾಮಿಗೆ ಗ್ರೀಸ್ ಬಳಿದ್ರೆ ಪುಡಿ ಹಿಡಿಯುತ್ತೆ.

ದೊಡ್ಡಪ್ಪ: ಕಿರಣ, ಆ ಕೈಯಲ್ಲೇ ಊಟಕ್ಕೆ ಕೂರಬೇಡಪ್ಪ. ಸೋಪು ಹಾಕಿ ತೊಳಿ.

ಸುಮ: ಪಲ್ಪರ್ ವಿಷಯ ಯಾರೂ ಹೇಳಲಿಲ್ಲ...

ಕಿರಣ: ರವಿಯಣ್ಣ, ಎಡಗಡೆ ಪಿನ್ ತೂತು ಮೊಟ್ಟೆ ಆಕಾರಕ್ಕೆ ತಿರುಗಿದೆ.

ರವಿ: ಬರೀ ಪಿನ್ ಬದಲಾಯಿಸಿದ್ರೆ ಆಗಲ್ಲ. ಎರಡೂ ಕಡೆ ಒಂದೇ ಅಳತೆಗೆ ರೀಮರ್ ಹಾಕಿಸಿ ತೂತು ದುಂಡಗೆ ದೊಡ್ಡದು ಮಾಡಿಸಿ ದಪ್ಪ ಪಿನ್ ಕೂರಿಸು. ಒಂದೇ ಕಡೆ ಮಾಡಿದ್ರೆ ಹಿಡಿ ಒತ್ತಿದಾಗೆಲ್ಲ ರ‍್ಯಾಮ್ ಓರೆಗೆ ತಳ್ಳುತ್ತೆ.