ವೆಬ್‌ಟೂನ್ ಓದಿದವರೂ ಓದದವರೂ ಒಂದೇ ಅನಿಮೆಯನ್ನು ಅಳೆಯುವುದು ಹೇಗೆ?

ಕೋಥ್ರೂಡ್ ನೋಡುಗ, ಪುಣೆ:

ನಮಸ್ಕಾರ. ಪುಣೆಯಲ್ಲಿರುವ ನಾವು ಕೆಲವು ಕನ್ನಡಿಗರು ತಿಂಗಳಿಗೊಂದು ಅನಿಮೆ (ಜಪಾನಿನ ಅನಿಮೇಷನ್ ಸರಣಿ) ನೋಡಿ, ಸರದಿಯ ಮೇಲೆ ಒಬ್ಬೊಬ್ಬರು ಅದರ ವಿಮರ್ಶೆ ಬರೆದು ಹಂಚಿಕೊಳ್ಳುವ ರೂಢಿ ಇಟ್ಟುಕೊಂಡಿದ್ದೇವೆ. ಈ ಸಲ ನನ್ನ ಸರದಿ. ಆರಿಸಿಕೊಂಡದ್ದು 2020ರಲ್ಲಿ ಬಂದ ‘ಟವರ್ ಆಫ್ ಗಾಡ್’ನ ಮೊದಲ ಸೀಸನ್, ಎಸ್‌ಐಯು ಎಂಬ ಹೆಸರಿನಲ್ಲಿ ಬರೆಯುವ ಕೊರಿಯನ್ ಲೇಖಕರು 2010ರಲ್ಲಿ ನೇವರ್ ತಾಣದಲ್ಲಿ ಆರಂಭಿಸಿದ ವೆಬ್‌ಟೂನ್ (ಪರದೆಯನ್ನು ಸರಿಸುತ್ತಾ ಓದುವ ಜಾಲಚಿತ್ರಕಥೆ) ಅದಕ್ಕೆ ಮೂಲ. ನಾನು ಮೂಲವನ್ನು ಓದಿಲ್ಲ.

ಕಥೆಯಲ್ಲಿ ಬಾಮ್ ಎಂಬ ಹುಡುಗ ತನ್ನ ಗೆಳತಿ ರೇಚಲ್‌ಳನ್ನು ಹುಡುಕಿಕೊಂಡು ಗೋಪುರದೊಳಗೆ ಬರುತ್ತಾನೆ. ಅಲ್ಲಿನ ನಿಯಮಗಳಾಗಲಿ, ಮೇಲುಕೀಳುಗಳಾಗಲಿ, ಶಿನ್ಸು ಎಂಬ ಶಕ್ತಿಯಾಗಲಿ ಅವನಿಗೆ ಗೊತ್ತಿಲ್ಲ. ನನಗೂ ಬಹುಪಾಲು ಗೊತ್ತಾಗಲಿಲ್ಲ, ಮತ್ತು ಅದೇ ನನಗೆ ಹಿಡಿಸಿತು. ಏನೂ ಅರಿಯದ ಹುಡುಗನ ಬೆನ್ನಿಗೆ ಏನೂ ಅರಿಯದ ನೋಡುಗನನ್ನು ನಡೆಸಿಕೊಂಡು ಹೋಗುವುದು ನಿರ್ದೇಶಕರ ಉದ್ದೇಶವೆಂದೇ ನಾನು ಬರೆದಿದ್ದೆ. ಆದರೆ ಮೂಲವನ್ನು ವರ್ಷಗಳಿಂದ ಓದುತ್ತಿರುವ ನಮ್ಮ ಗುಂಪಿನ ಗೆಳೆಯರೊಬ್ಬರು ಕರಡು ನೋಡಿ, ಅದು ಶೈಲಿಯಲ್ಲ, ಬರೀ ಕತ್ತರಿಯ ಕೆಲಸ ಎಂದರು. ಅನಿಮೆಯನ್ನು ಅದರಷ್ಟಕ್ಕೆ ಅಳೆಯಬೇಕೇ, ಮೂಲದ ಪಕ್ಕದಲ್ಲಿಟ್ಟು ಅಳೆಯಬೇಕೇ? ಎರಡೂ ಬೇಕೆಂದಾದರೆ ಕೊನೆಗೆ ಕೊಡುವ ತೀರ್ಪು ಒಂದೇ, ಎರಡೇ?

ಡೊಂಬಿವಿಲಿ ಲೋಕಲ್, ಮುಂಬಯಿ:

ನಿಮ್ಮ ಮಾತೂ ನಿಜ, ನಿಮ್ಮ ಗೆಳೆಯರ ಮಾತೂ ನಿಜ. ತೆರೆಯ ಮೇಲೆ ಇರುವುದು ಏನು ಮಾಡುತ್ತದೆ ಎಂಬುದನ್ನು ನೀವು ಹೇಳುತ್ತಿದ್ದೀರಿ. ಅದು ಅಲ್ಲಿಗೆ ಹೇಗೆ ಬಂತು ಎಂಬುದನ್ನು ಅವರು ಹೇಳುತ್ತಿದ್ದಾರೆ. ವಿವರಣೆ ಕಡಿತಗೊಂಡದ್ದು ಹೌದು. ಮೂಲದ ಎಪ್ಪತ್ತಕ್ಕೂ ಹೆಚ್ಚು ಅಧ್ಯಾಯಗಳನ್ನು 13 ಕಂತುಗಳಿಗೆ ಇಳಿಸುವಾಗ ಮೊದಲು ಹೋಗುವುದೇ ನಿಯಮಗಳ ವಿವರಣೆ. ಆದರೆ ಆ ಕಡಿತದಿಂದಲೇ ಬಾಮ್‌ನ ದಿಕ್ಕೆಟ್ಟ ಸ್ಥಿತಿ ನಿಮಗೆ ತಟ್ಟಿದ್ದರೆ, ಕಾರಣ ಏನೇ ಇರಲಿ, ಪರಿಣಾಮ ಸುಳ್ಳಾಗುವುದಿಲ್ಲ. ಹಾಗೆಂದು ಎಲ್ಲ ಕಡೆಯೂ ಈ ರಿಯಾಯಿತಿ ಕೊಡಲಾಗದು. ಮೊದಲ ಕಂತಿನಲ್ಲಿ ಗೋಪುರದ ಕೆಳಅಂತಸ್ತಿನ ಪಾಲಕ ಹೆಡನ್ ಒಡ್ಡುವ ಪರೀಕ್ಷೆಗೆ ನಿಯಮ ತಿಳಿಯಬೇಕಾಗಿಲ್ಲ: ಪಂಜರದೊಳಗೆ ಭೀಕರವಾದೊಂದು ಹಾವುಮೀನು, ಅದರಾಚೆ ಒಡೆಯಬೇಕಾದ ಒಂದು ಚೆಂಡು, ಇಷ್ಟೇ. ನಾಲ್ಕು ಮತ್ತು ಐದನೆಯ ಕಂತುಗಳ ಕಿರೀಟದ ಆಟ ಹಾಗಲ್ಲ. ಅಲ್ಲಿ ಯಾವ ತಂಡ ಯಾವಾಗ ಕಣಕ್ಕಿಳಿದರೆ ಲಾಭ ಎಂಬ ಲೆಕ್ಕಾಚಾರವೇ ರಂಜನೆ. ಲೆಕ್ಕ ಮಸುಕಾದರೆ ಬಾಮ್‌ನ ಜೊತೆಗಾರ ಖುನ್‌ನ ಜಾಣತನವೂ ಮಸುಕಾಗುತ್ತದೆ. ಅದು ಮೂಲವನ್ನು ಓದದವರಿಗೂ ಕಾಣುವ ಕೊರತೆ.

ಇನ್ನೊಂದು ಸಂಗತಿಯನ್ನು ಓದುಗರು ಮರೆಯುತ್ತಾರೆ. ಫಾಸ್ಟ್ ಲೋಕಲಿನಲ್ಲಿ ಒಂದು ಕೈ ಮೇಲಿನ ಹಿಡಿಕೆಯಲ್ಲಿ, ಮೊಬೈಲು ಇನ್ನೊಂದು ಕೈಯಲ್ಲಿ ಇರುವಾಗ ವೆಬ್‌ಟೂನನ್ನು ಓಡಿಸುವುದು ಹೆಬ್ಬೆರಳೊಂದೇ. ಎತ್ತಿದ ಕತ್ತಿಯ ಚಿತ್ರ ಮೇಲೆ ಸರಿಯುತ್ತದೆ, ಅದರ ಕೆಳಗೆ ಒಂದು ಪರದೆಯಷ್ಟು ಖಾಲಿ ಜಾಗ, ಆಮೇಲೆ ಏಟು ಬಿದ್ದ ಚಿತ್ರ. ಆ ಖಾಲಿ ಜಾಗ ಎಷ್ಟು ಹೊತ್ತು ಇರಬೇಕೆಂದು ತೀರ್ಮಾನಿಸುವವರು ಓದುಗರೇ. ಅನಿಮೆಯಲ್ಲಿ ಆ ಅಧಿಕಾರ ನಿರ್ದೇಶಕರಿಗೆ ಹೋಗುತ್ತದೆ. ಆದ್ದರಿಂದ ರೂಪಾಂತರವನ್ನು ಅಳೆಯುವವರು ಯಾವ ಘಟನೆ ಬಿಟ್ಟುಹೋಯಿತು ಎಂಬ ಪಟ್ಟಿ ಮಾಡುವುದಕ್ಕಿಂತ, ಆ ಖಾಲಿ ಜಾಗದ ಕೆಲಸವನ್ನು ಇಲ್ಲಿ ಯಾವುದು ಮಾಡುತ್ತಿದೆ ಎಂದು ನೋಡುವುದು ಒಳ್ಳೆಯದು. ನನ್ನ ಮಟ್ಟಿಗೆ ಈ ಸೀಸನ್‌ನಲ್ಲಿ ಅದನ್ನು ಮಾಡುವುದು ಕೆವಿನ್ ಪೆಂಕಿನ್ ಅವರ ಸಂಗೀತ. ಆರಂಭದ ಅಧ್ಯಾಯಗಳ ಒರಟು ಗೆರೆಯನ್ನು ನುಣುಪುಗೊಳಿಸದೆ, ದಪ್ಪ ಹೊರಗೆರೆಯಲ್ಲಿ ಉಳಿಸಿಕೊಂಡದ್ದೂ ನನಗೆ ಮೆಚ್ಚುಗೆಯಾಯಿತು. ಅದನ್ನು ಅಗ್ಗದ ಚಿತ್ರಣವೆಂದು ಬರೆದವರೂ ಇದ್ದಾರೆ, ನಾನು ಒಪ್ಪುವುದಿಲ್ಲ.

ಮಡಗಾಂವ್ ಮೌನಿ, ಗೋವಾ:

ಮೇಲಿನವರ ಔದಾರ್ಯ ನನಗಿಲ್ಲ. ಅನಿಮೆ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ‘ಮೂಲ ಓದಿ, ಅರ್ಥವಾಗುತ್ತದೆ’ ಎಂಬ ಸಮಜಾಯಿಷಿಯನ್ನು ಎಲ್ಲಿ ಕೇಳಿದರೂ ನನಗೆ ಅದು ಸೋಲನ್ನು ಒಪ್ಪಿಕೊಂಡಂತೆಯೇ ಕಾಣುತ್ತದೆ. ಅದೇ ವರ್ಷ ಮಾಪ್ಪಾ ಸ್ಟುಡಿಯೊ ಮಾಡಿದ ‘ದಿ ಗಾಡ್ ಆಫ್ ಹೈಸ್ಕೂಲ್’ ನೋಡಿ. ಹೊಡೆದಾಟದ ಚಲನೆಯನ್ನು ಅಷ್ಟು ಸೊಗಸಾಗಿ ಚಿತ್ರಿಸಿದ ಸರಣಿಗಳು ಅಪರೂಪ. ಆದರೆ ಹೊಡೆದಾಡುವವರು ಯಾರು, ಗೆದ್ದರೆ ಅವರಿಗೇನು, ಸೋತರೆ ಏನು ಹೋಗುತ್ತದೆ ಎಂಬುದು ಬರಬರುತ್ತಾ ತಿಳಿಯದಾಗುತ್ತದೆ. ಇದನ್ನು ಹೇಳಲು ನಾನು ವೆಬ್‌ಟೂನ್ ತೆರೆಯಬೇಕಾಗಿಲ್ಲ. ನೂರಕ್ಕೂ ಹೆಚ್ಚು ಅಧ್ಯಾಯಗಳನ್ನು 13 ಕಂತುಗಳಿಗೆ ತುರುಕಿದ್ದು ಇದಕ್ಕೆ ಕಾರಣವೆಂದು ಓದಿದವರು ಹೇಳುತ್ತಾರೆ. ಆಗಲಿ, ಕಾರಣ ಗೊತ್ತಾದ ಮಾತ್ರಕ್ಕೆ ದೋಷ ಕಡಿಮೆಯಾಗುವುದಿಲ್ಲವಷ್ಟೆ.

ಮಾಟುಂಗಾ ಓದುಗ, ಮುಂಬಯಿ:

ಮಡಗಾಂವಿನವರೇ, ನಿಮ್ಮ ವಾದಕ್ಕೆ ನನ್ನದೊಂದು ತಕರಾರು ಇದೆ. ಇಲ್ಲಿ ಮಾಟುಂಗಾದಲ್ಲಿ ತಾಳಮದ್ದಳೆ ಕೇಳಲು ಬರುವವರಿಗೆ ಪ್ರಸಂಗ ಮೊದಲೇ ಗೊತ್ತಿರುತ್ತದೆ, ಕರ್ಣನ ಗತಿ ಏನಾಗುತ್ತದೆಂದು ತಿಳಿಯಲು ಯಾರೂ ಬರುವುದಿಲ್ಲ. ಅರ್ಥಧಾರಿ ಗೊತ್ತಿರುವ ಪದ್ಯಕ್ಕೆ ಹೊಸದಾಗಿ ಯಾವ ಅರ್ಥ ಹೇಳಿದರು ಎಂಬುದರಲ್ಲೇ ರಸ. ಮೂಲದ ಪರಿಚಯವಿದ್ದು ನೋಡುವುದೂ ಸಹೃದಯತೆಯ ಒಂದು ಬಗೆಯೇ. ಅದನ್ನು ಪಕ್ಷಪಾತವೆಂದು ತಳ್ಳಿಹಾಕಿದರೆ, ಒಂದು ರೂಪಾಂತರದಲ್ಲಿ ನಿಜವಾಗಿ ಹೊಸದು ಏನಿದೆ ಎಂದು ಗುರುತಿಸಬಲ್ಲವರೇ ಉಳಿಯುವುದಿಲ್ಲ.

ಹಾಗೆಂದು ‘ಮೂಲ’ ಎನ್ನುವುದು ಯಾವಾಗಲೂ ಒಂದೇ ಇರುತ್ತದೆಯೇ ಎಂಬುದನ್ನೂ ನೋಡಬೇಕು. ‘ಒನ್ ಪಂಚ್ ಮ್ಯಾನ್’ಅನ್ನು ಒನ್ ಎಂಬ ಹೆಸರಿನ ಲೇಖಕರು 2009ರಲ್ಲಿ ವೆಬ್‌ಕಾಮಿಕ್ ಆಗಿ ಶುರುಮಾಡಿದರು, ಚಿತ್ರಗಳು ಹವ್ಯಾಸಿಯ ಗೀಚಿನಂತಿದ್ದವು. 2012ರಿಂದ ಯೂಸುಕೆ ಮುರಾಟಾ ಅದನ್ನು ಮಾಂಗಾ (ಜಪಾನಿ ಚಿತ್ರಕಥೆ) ಆಗಿ ಹೊಸದಾಗಿ ಚಿತ್ರಿಸತೊಡಗಿದರು. 2015ರಲ್ಲಿ ಮ್ಯಾಡ್‌ಹೌಸ್ ಮಾಡಿದ ಅನಿಮೆ ಈ ಎರಡನೆಯದನ್ನು ಅನುಸರಿಸಿತು. 2019ರ ಎರಡನೆಯ ಸೀಸನ್ ಜೆ.ಸಿ. ಸ್ಟಾಫ್‌ನದು. ಅದು ಕಳಪೆ ಎಂದು ದೂರಿದವರಲ್ಲಿ ಹಲವರು ಹೋಲಿಸಿದ್ದು ವೆಬ್‌ಕಾಮಿಕ್ಕಿನೊಡನೆ ಅಲ್ಲ, ಮುರಾಟಾ ಅವರ ಪುಟಗಳೊಡನೆ ಮತ್ತು ಮ್ಯಾಡ್‌ಹೌಸ್‌ನ ಸೀಸನ್ನಿನೊಡನೆ. ಹೋಲಿಕೆ ಯಾವುದರೊಡನೆ ಎಂದು ವಿಮರ್ಶಕರು ಮೊದಲೇ ಹೇಳದಿದ್ದರೆ ಓದುವವರು ದಾರಿ ತಪ್ಪುತ್ತಾರೆ. ‘ಸೋಲೊ ಲೆವೆಲಿಂಗ್’ನಲ್ಲಂತೂ ವೆಬ್‌ಟೂನೇ ಚುಗಾಂಗ್ ಅವರ ಜಾಲಕಾದಂಬರಿಯ ರೂಪಾಂತರ. ಅನಿಮೆ ಎರಡರಲ್ಲಿ ಯಾವುದಕ್ಕೆ ನಿಷ್ಠವಾಗಿರಬೇಕಿತ್ತು?

ಅದೇ ಒನ್ ಅವರ ‘ಮಾಬ್ ಸೈಕೊ 100’ಅನ್ನು 2016ರಲ್ಲಿ ಬೋನ್ಸ್ ಸ್ಟುಡಿಯೊ ಕೈಗೆತ್ತಿಕೊಂಡಾಗ ನಡುವೆ ಮುರಾಟಾರಂಥವರು ಯಾರೂ ಇರಲಿಲ್ಲ. ನಿರ್ದೇಶಕ ಯುಜುರು ತಾಚಿಕಾವಾ ಆ ವಕ್ರ ಗೆರೆಯನ್ನು ತಿದ್ದುವ ಗೋಜಿಗೆ ಹೋಗದೆ ಚಲನೆಯ ಬಂಡವಾಳ ಮಾಡಿಕೊಂಡರು. ಕಂತಿನ ಕೊನೆಯ ಹಾಡಿಗಾಗಿ ಗಾಜಿನ ಮೇಲೆ ಬಣ್ಣ ಬಳಿದು, ಅಳಿಸಿ, ಮತ್ತೆ ಬಳಿದು ಮಾಡಿದ ಚಿತ್ರಿಕೆಯನ್ನು ನೋಡಿದರೆ ಅವರ ಧೈರ್ಯ ತಿಳಿಯುತ್ತದೆ. ಮೂಲ ಓದದವರಿಗೆ ಇದು ವಿಲಕ್ಷಣವಾದ, ಚೆಲುವಾದ ಅನಿಮೆ. ಓದಿದವರಿಗೆ ಅದರ ಮೇಲೆ ಇನ್ನೊಂದು ಸಂತೋಷವೂ ಸಿಗುತ್ತದೆ. ಎರಡು ಅಳತೆಗಳೂ ಒಂದೇ ದಿಕ್ಕಿಗೆ ವಾಲುವ ಇಂಥ ಉದಾಹರಣೆಗಳು ಕಡಿಮೆ.

ಸಾಮಾನ್ಯವಾಗಿ ಅವು ಬೇರೆಯಾಗುತ್ತವೆ. ‘ಹೋರಿಮಿಯಾ’ 2021ರಲ್ಲಿ 13 ಕಂತುಗಳಲ್ಲಿಯೇ ಕಥೆಯ ಕೊನೆ ಮುಟ್ಟಿತು. ಹೊಸಬರಿಗೆ ಅದು ಎಲ್ಲೂ ಜಗ್ಗದ ಹಿತವಾದ ಪ್ರೇಮಕಥೆ. ಓದಿದವರು ಮಾತ್ರ ತಮಗೆ ಇಷ್ಟವಾದ ಸಣ್ಣಪುಟ್ಟ ಪ್ರಸಂಗಗಳನ್ನು ಹುಡುಕುತ್ತಾ ಕುಳಿತರು. ಬಿಟ್ಟುಹೋದ ಅಧ್ಯಾಯಗಳಿಗಾಗಿಯೇ 2023ರಲ್ಲಿ ಬೇರೆಯೊಂದು ಸರಣಿ ಬಂತು. ಈಗ 2021ರದ್ದಕ್ಕೆ ನೀಡಿದ ತೀರ್ಪನ್ನು ತಿದ್ದಬೇಕೇ? ಅದರಷ್ಟಕ್ಕೆ ಕೊಟ್ಟದ್ದನ್ನು ಬೇಡ, ರೂಪಾಂತರವೆಂದು ಕೊಟ್ಟದ್ದನ್ನು ತಿದ್ದಬೇಕು ಎಂದು ನನ್ನ ಎಣಿಕೆ. ಎರಡು ತೀರ್ಪುಗಳನ್ನು ಕೂಡಿಸಿ ಎರಡರಿಂದ ಭಾಗಿಸುವುದನ್ನು ನಾನು ಒಪ್ಪದಿರುವುದು ಇದಕ್ಕಾಗಿಯೇ.

ಮಡಗಾಂವ್ ಮೌನಿ, ಗೋವಾ:

ತಾಳಮದ್ದಳೆಯ ಮಾತು ಚೆನ್ನಾಗಿದೆ, ಆದರೆ ಪೂರ್ತಿ ಹೊಂದುವುದಿಲ್ಲ. ಮಹಾಭಾರತ ಸಭೆಯಲ್ಲಿರುವ ಎಲ್ಲರಿಗೂ ಗೊತ್ತು. ಕೊರಿಯನ್ ವೆಬ್‌ಟೂನ್ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ತೀರ್ಪುಗಳು ಎರಡಿರಲಿ ಎಂಬುದನ್ನು ಒಪ್ಪುತ್ತೇನೆ. ಮೊದಲು ಬರಬೇಕಾದದ್ದು ಓದದವರ ತೀರ್ಪು.

ಕೋಥ್ರೂಡ್ ನೋಡುಗ, ಪುಣೆ:

ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ನನ್ನ ಬರಹವನ್ನು ಇದ್ದಂತೆಯೇ ಉಳಿಸಿ, ಕಿರೀಟದ ಆಟದ ಬಗೆಗಿನ ದೂರನ್ನು ಮಾತ್ರ ಸೇರಿಸುತ್ತೇನೆ. ನಿಜ ಹೇಳಬೇಕೆಂದರೆ ಅಲ್ಲಿ ನನಗೂ ಬೇಸರ ಬಂದಿತ್ತು. ಅದರ ಕೆಳಗೆ, ಬೇರೆ ತಲೆಬರಹದಲ್ಲಿ, ಗೆಳೆಯರು ರೂಪಾಂತರದ ಭಾಗವನ್ನು ಬರೆಯಲಿ. ಒಂದು ಸಂದೇಹ ಉಳಿದಿದೆ. ಕೊನೆಯ ಕಂತು ರೇಚಲ್‌ಳ ಕಡೆಯಿಂದ ಕಥೆಯನ್ನು ಹೇಳುತ್ತದೆ. ಅವಳು ಮುಂದೆ ಏನಾಗುತ್ತಾಳೆಂದು ತಿಳಿದಿರುವ ಅವರು ಆ ಕಂತನ್ನು ಆ ತಿಳಿವಳಿಕೆಯ ಬಲದ ಮೇಲೆಯೇ ಅಳೆಯಬಹುದೇ?

ಡೊಂಬಿವಿಲಿ ಲೋಕಲ್, ಮುಂಬಯಿ:

ಬೇಡ. ಹೋಲಿಕೆ ಮೂಲದ ಮೊದಲ ಸೀಸನ್ ಮುಗಿಯುವ ಅಧ್ಯಾಯಕ್ಕೇ ನಿಲ್ಲಲಿ ಎಂದು ಅವರಿಗೆ ಹೇಳಿ. ಮುಂದಿನದ್ದು 2024ರಲ್ಲಿ ಬಂದ ಎರಡನೆಯ ಸೀಸನ್‌ಗೆ ಸೇರಿದ್ದು, ಅದನ್ನು ಮಾಡಿದ ಸ್ಟುಡಿಯೊ ಕೂಡ ಬೇರೆ. ಅದನ್ನು ಇನ್ನೊಂದು ತಿಂಗಳ ಸರದಿಗೆ ಇಟ್ಟುಕೊಳ್ಳಿ.