ಹಳೆಯ ಫ್ರೆಂಚ್ ಉಂಗುರದೊಳಗೆ ಹದ್ದಿನ ತಲೆ

ಪ್ರಶ್ನೆ: ಅತ್ತೆ ಕೊಟ್ಟ ಉಂಗುರದ ಒಳಬದಿಯಲ್ಲಿ ಭೂತಗನ್ನಡಿಗಷ್ಟೇ ಕಾಣುವ ಹದ್ದಿನ ತಲೆಯಿದೆ. ಪಕ್ಕದಲ್ಲಿ ವಜ್ರಾಕೃತಿಯೊಳಗೆ ಎರಡು ಅಕ್ಷರ. ಏನಿದು?

ಉತ್ತರ: ಹದ್ದಿನ ತಲೆ 18 ಕ್ಯಾರೆಟ್ ಚಿನ್ನಕ್ಕೆ ಫ್ರಾನ್ಸ್ 1838ರಿಂದ ಒತ್ತುತ್ತಿರುವ ಮುದ್ರೆ. ಇನ್ನೊಂದು ತಯಾರಕರ ಗುರುತು. ದಯವಿಟ್ಟು ಪಾಲಿಶ್ ಮಾಡಿಸಬೇಡಿ, ಮುದ್ರೆ ಸವೆದುಹೋಗುತ್ತದೆ.

ಉತ್ತರ: ನಾನು ಹಳೆಯ ಫ್ರೆಂಚ್ ಆಭರಣ ಸಿಕ್ಕರೆ ಮೊದಲು ಮಗುಚಿ ನೋಡುತ್ತೇನೆ. ಯಾರ ಕಣ್ಣಿಗೂ ಬೀಳದ ಹಿಂಬದಿಯನ್ನೂ ಸಣ್ಣ ಗರಗಸದಿಂದ ಕೊರೆದು, ಅರದಿಂದ ನುಣುಪಾಗಿಸಿರುತ್ತಾರೆ. ಆ ಶ್ರದ್ಧೆಗೆ ನಾನು ಸೋತಿದ್ದೇನೆ. ಪ್ಯಾರಿಸ್‌ನ ಆಭರಣ ಸಂಸ್ಥೆ ವ್ಯಾನ್ ಕ್ಲೀಫ್ ಅಂಡ್ ಆರ್ಪೆಲ್ಸ್ 1933ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಂತೂ ಮಾಣಿಕ್ಯಗಳ ಅಂಚಿನಲ್ಲಿ ಸೀಳು ಕೊರೆದು ಚಿನ್ನದ ಹಳಿಗಳ ಮೇಲೆ ಜಾರಿಸುತ್ತಾರೆ; ಹಿಡಿದಿರುವ ಲೋಹ ಮೇಲಿನಿಂದ ಕಾಣುವುದೇ ಇಲ್ಲ.

ಪ್ರಶ್ನೆ ಕೇಳಿದವರು: ಈಗ ಮಗುಚಿ ನೋಡಿದೆ. ಕಲ್ಲಿನ ಕೆಳಗೆ ಜೇನುಗೂಡಿನಂಥ ಜಾಲರಿ!